ಅಳದ ಮಗುವಿಗೂ ನೋವಾಗುತ್ತದೆ

ಲಸಿಕೆ, ರಕ್ತಪರೀಕ್ಷೆ, ಡ್ರೆಸ್ಸಿಂಗ್ ಹೊತ್ತಿನಲ್ಲಿ ಮಕ್ಕಳು ಪಡುವ ನೋವಿನ ಬಗ್ಗೆ ಶಿವಮೊಗ್ಗ ಜಿಲ್ಲೆಯಿಂದ, ಆಚೀಚಿನ ಮಲೆನಾಡಿನಿಂದ ಬಂದ ಪ್ರಶ್ನೆಗಳಿವು. ಮಕ್ಕಳ ತಜ್ಞರೊಬ್ಬರೂ ಮಕ್ಕಳ ವಾರ್ಡಿನ ಹಿರಿಯ ನರ್ಸ್ ಒಬ್ಬರೂ ಕೂಡಿ ಉತ್ತರಿಸಿದ್ದಾರೆ. ಹೆಸರು ಬೇಡ ಎಂದವರೇ ಹೆಚ್ಚು. ಹಾಗಾಗಿ ಎಲ್ಲರದ್ದೂ ಊರಷ್ಟೇ ಹಾಕಿದ್ದೇವೆ.

ಪ್ರ: ನಾನು ಆಶಾ ಕಾರ್ಯಕರ್ತೆ. ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ಕೆಲವು ಮನೆಯ ಮಕ್ಕಳು ಹಂಚು ಹಾರುವ ಹಾಗೆ ಕಿರುಚುತ್ತವೆ, ಕೆಲವು ತುಟಿ ಬಿಗಿದು ಸುಮ್ಮನಿರುತ್ತವೆ. ‘ಕೂಲಿಯವರ ಮಕ್ಕಳು ಗಟ್ಟಿ, ಅವಕ್ಕೆ ನೋವು ಅಷ್ಟಾಗಿ ಗೊತ್ತಾಗೂದಿಲ್ಲ’ ಅಂತ ಊರಲ್ಲಿ ಹೇಳುತ್ತಾರೆ. ಜನರಿಂದ ಜನಕ್ಕೆ ನೋವು ಬೇರೆ ಇರುತ್ತದಾ?
— ತೀರ್ಥಹಳ್ಳಿ ತಾಲ್ಲೂಕು

ಉ: ಚರ್ಮದಿಂದ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಸುದ್ದಿ ಒಯ್ಯುವ ನರಗಳು ಕೂಲಿಯವರ ಮಗುವಿಗೂ ತೋಟದವರ ಮಗುವಿಗೂ ಒಂದೇ. ಬೇರೆಯಾಗುವುದು ಮಗು ಆ ನೋವನ್ನು ತೋರಿಸಿಕೊಳ್ಳುವ ರೀತಿ. ಅದಕ್ಕಿಂತ ಹೆಚ್ಚಾಗಿ, ನೋಡುವ ನಾವು ಅದನ್ನು ಅರ್ಥ ಮಾಡಿಕೊಳ್ಳುವ ರೀತಿ.

ಇದನ್ನು ಅಳೆದು ನೋಡಿದವರಿದ್ದಾರೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಪಾನಿ ಕೂಸುಗಳನ್ನೂ ಅಮೆರಿಕದ ಬಿಳಿಯರ ಕೂಸುಗಳನ್ನೂ ಲಸಿಕೆ ಹೊತ್ತಿನಲ್ಲಿ ಹೋಲಿಸಿದರು. ಅಮೆರಿಕದ ಕೂಸುಗಳು ಜೋರಾಗಿ ಅತ್ತವು, ಸಮಾಧಾನವಾಗಲು ಹೆಚ್ಚು ಹೊತ್ತು ತೆಗೆದುಕೊಂಡವು. ಜಪಾನಿ ಕೂಸುಗಳು ಬೇಗ ಸುಮ್ಮನಾದವು. ಆದರೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚು ಏರಿದ್ದು ಜಪಾನಿ ಕೂಸುಗಳಲ್ಲೇ. ಹಾಗಾದರೆ ಏಷ್ಯಾದ ಮಕ್ಕಳೆಲ್ಲ ಸುಮ್ಮನಿರುವ ಜಾತಿಯಾ? ಅದೂ ಅಲ್ಲ. ಕೆನಡಾದಲ್ಲಿ ಎರಡು ತಿಂಗಳ ಕೂಸುಗಳನ್ನು ನೋಡಿದಾಗ ಚೀನೀ ಮೂಲದ ಕೂಸುಗಳ ಮುಖದಲ್ಲೇ ನೋವು ಹೆಚ್ಚು ಕಂಡಿತು. ‘ಇಂಥವರ ಮಕ್ಕಳು ಇಷ್ಟೇ’ ಎಂಬ ಸೂತ್ರ ಎಲ್ಲೂ ನಿಲ್ಲುವುದಿಲ್ಲ.

ಮಗು ಬೆಳೆದಂತೆ ಮನೆಯ ಪಾಠ ಸೇರುತ್ತದೆ. ಗುಜರಾತಿನ ಶಾಲಾ ಮಕ್ಕಳನ್ನು ಕೇಳಿ ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳು ಸಿಟ್ಟು, ದುಃಖವನ್ನು ಅದುಮಿಕೊಳ್ಳುವಷ್ಟು ಮೈನೋವನ್ನು ಅದುಮಿಕೊಳ್ಳುವುದಿಲ್ಲ ಎಂದಿದ್ದರು. ನಮ್ಮ ಕಡೆಯೂ ಬಹುಪಾಲು ಹಾಗೇ: ಬಿದ್ದು ಅತ್ತರೆ ಎತ್ತಿಕೊಳ್ಳುತ್ತೇವೆ, ಸಿಟ್ಟಾದರೆ ಗದರುತ್ತೇವೆ. ಲಸಿಕೆ ಕೋಣೆಯಲ್ಲಿ ಇದರ ಪರಿಣಾಮ ನಿಮಗೇ ಗೊತ್ತಿರಬಹುದು. ಅಮ್ಮನ ಸೆರಗಿಗೆ ಮುಖ ಒತ್ತಿ ಅಳುವ ಮಗುವಿಗೆ ‘ಪಾಪ’ ಸಿಗುತ್ತದೆ, ಸಿಸ್ಟರನ್ನು ಒದ್ದ ಮಗುವಿಗೆ ‘ಹಠಮಾರಿ’ ಎಂಬ ಹೆಸರು. ನೋವು ಇಬ್ಬರದ್ದೂ ಒಂದೇ ಇದ್ದೀತು.

ನೋಡುವವರ ಕಣ್ಣಿನ ಬಗ್ಗೆ ಇನ್ನೊಂದು ಮಾತು. 2019ರಲ್ಲಿ ಅಮೆರಿಕದ 264 ಜನ ದೊಡ್ಡವರಿಗೆ ಐದು ವರ್ಷದ ಮಗುವಿನ ಬೆರಳು ಚುಚ್ಚಿ ರಕ್ತ ತೆಗೆಯುವ ಒಂದೇ ವಿಡಿಯೋ ತೋರಿಸಿದರು. ಕೆಲವರಿಗೆ ಇದು ಸ್ಯಾಮ್ಯುಯೆಲ್ ಎಂದರು, ಉಳಿದವರಿಗೆ ಸಮಾಂಥಾ ಎಂದರು. ಮಗು ಅದೇ, ಅಳು ಅದೇ. ಹುಡುಗ ಎಂದುಕೊಂಡವರು ನೋವು ಹೆಚ್ಚು ಎಂದರು, ಹುಡುಗಿ ಎಂದುಕೊಂಡವರು ಕಡಿಮೆ ಎಂದರು. ಗಂಡು ಅಳುವವನಲ್ಲ, ಅತ್ತರೆ ನಿಜವಾಗಿ ನೋವೇ ಇರಬೇಕು ಎಂಬ ಲೆಕ್ಕ ತಲೆಯಲ್ಲಿ ಕೂತಿರುತ್ತದೆ. ‘ಅವಕ್ಕೆ ನೋವು ಗೊತ್ತಾಗಲ್ಲ’ ಎಂಬುದನ್ನು ವೈದ್ಯರೂ ಬಹಳ ಕಾಲ ಹೇಳಿದ್ದಾರೆ, ಹುಟ್ಟಿದ ಕೂಸುಗಳ ಬಗ್ಗೆ. 1980ರ ದಶಕದವರೆಗೂ ಎಳೆಗೂಸುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋದ ಕೆ.ಜೆ.ಎಸ್. ಆನಂದ್ ಮತ್ತು ಜೊತೆಗಾರರು 1987ರಲ್ಲಿ, ನೋವು ನಿವಾರಕ ಕೊಟ್ಟ ಕೂಸುಗಳು ಶಸ್ತ್ರಚಿಕಿತ್ಸೆಯನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತವೆ ಎಂದು ತೋರಿಸಿದ ಮೇಲೆ ಆ ಮಾತು ಕಡಿಮೆಯಾಯಿತು.

ನೀವು ಮಾಡಬಹುದಾದ್ದು: ಅಳು ಒಂದನ್ನೇ ನೋಡಬೇಡಿ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನವಾಗುವ ರೀತಿ, ಹೀಗೆ ಐದನ್ನೂ ನೋಡಿ ಪ್ರತಿಯೊಂದಕ್ಕೂ 0, 1, 2 ಕೊಡುವ ಕ್ರಮವಿದೆ. ಎರಡು ತಿಂಗಳಿನಿಂದ ಏಳು ವರ್ಷದವರೆಗೆ ನಡೆಯುತ್ತದೆ, ಒಟ್ಟು 10. ತುಟಿ ಬಿಗಿದ ಮಗುವಿಗೆ ಅಳುವಿನಲ್ಲಿ ಸೊನ್ನೆ ಬಂದರೂ ಹುಬ್ಬು ಗಂಟಿಕ್ಕಿರುತ್ತದೆ, ಕಾಲು ಸೆಟೆದಿರುತ್ತದೆ, ಮೈ ಕಟ್ಟಿಗೆಯ ಹಾಗಿರುತ್ತದೆ. ಕೂಡಿಸಿದರೆ ಐದೋ ಆರೋ ಆಗುತ್ತದೆ.

ಪ್ರ: ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಇದೆ. ನಮ್ಮತ್ತೆ ‘ಚುಚ್ಚುವ ಮೊದಲು ಒಂದು ಹನಿ ಜೇನುತುಪ್ಪ ನೆಕ್ಕಿಸು, ನಮ್ಮ ಕಾಡಿನದ್ದೇ ಶುದ್ಧ ಜೇನು’ ಅನ್ನುತ್ತಾರೆ. ಹಾಲು ಕುಡಿಸುತ್ತಾ ಚುಚ್ಚಿಸಿದರೆ ನೆತ್ತಿಗೇರುತ್ತದೆ ಅಂತಲೂ ಹೇಳುತ್ತಾರೆ. ಏನು ಮಾಡಲಿ?
— ಸಾಗರ

ಉ: ಜೇನುತುಪ್ಪ ಬೇಡ, ವರ್ಷ ತುಂಬುವವರೆಗೆ ಬೇಡವೇ ಬೇಡ. ಜೇನಿನಲ್ಲಿ ಬಾಟುಲಿಸಂ ತರುವ ರೋಗಾಣುವಿನ ಬೀಜಕಗಳು ಇರಬಹುದು. ಎಳೆಗೂಸಿನ ಕರುಳಿನಲ್ಲಿ ಅವು ಬೆಳೆದು ವಿಷ ಉತ್ಪಾದಿಸಿದರೆ ಮೈ ಸೋತು ಉಸಿರಾಟಕ್ಕೇ ತೊಂದರೆ ಬರುತ್ತದೆ. ಜೇನು ಶುದ್ಧವೋ ಕಲಬೆರಕೆಯೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ನಿಮ್ಮತ್ತೆಯ ಲೆಕ್ಕ ಅರ್ಧ ಸರಿ. ನಾಲಿಗೆಗೆ ಸಿಹಿ ತಾಗಿದರೆ ಕೂಸಿಗೆ ಸೂಜಿಯ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಬೇಕಾದಷ್ಟು ಅಧ್ಯಯನಗಳಿವೆ.

ಎಲ್ಲಕ್ಕಿಂತ ಒಳ್ಳೆಯದು ಎದೆಹಾಲು. ಬೆಂಚಿನ ಮೇಲೆ ಬೆನ್ನು ಒರಗಿಸಿ ಕೂತು, ಮಗುವಿನ ತೊಡೆ ಪೂರ್ತಿ ಬರಿದಾಗುವ ಹಾಗೆ ಬಟ್ಟೆ ಸರಿಸಿ. ಮಗು ಬಾಯಿ ತುಂಬ ಹಿಡಿದು ಸರಿಯಾಗಿ ಚೀಪಲು ಶುರುಮಾಡಿದ ಮೇಲೆಯೇ ಸಿಸ್ಟರಿಗೆ ‘ಹೂಂ’ ಅನ್ನಿ. ಚುಚ್ಚುವಾಗಲೂ ಆಮೇಲೆ ಸ್ವಲ್ಪ ಹೊತ್ತೂ ಕುಡಿಯುತ್ತಿರಲಿ. ಚುಚ್ಚಿದ ಕ್ಷಣ ಬಾಯಿ ಬಿಟ್ಟು ಅತ್ತೀತು, ಮತ್ತೆ ಹಿಡಿಯುತ್ತದೆ. ಹೀಗೆ ಮಾಡಿದ ಮಕ್ಕಳಲ್ಲಿ ಹಾಲು ನೆತ್ತಿಗೇರಿ ತೊಂದರೆಯಾದದ್ದಾಗಲಿ, ಆಮೇಲೆ ಮೊಲೆ ಒಲ್ಲೆ ಎಂದದ್ದಾಗಲಿ ಅಧ್ಯಯನಗಳಲ್ಲಿ ಕಂಡಿಲ್ಲ. ಅಂಗನವಾಡಿಯಲ್ಲಿ ಗಂಡಸರು ಓಡಾಡುತ್ತಿದ್ದರೆ ಹಾಲು ಕುಡಿಸಲು ಮುಜುಗರ ಸಹಜ. ಒಂದು ಶಾಲು ಕೈಯಲ್ಲಿರಲಿ, ಗೋಡೆಯ ಕಡೆಯ ಜಾಗ ಕೇಳಿ ಕೂತುಕೊಳ್ಳಿ.

ಹಾಲು ಕುಡಿಸಲು ಆಗದಿದ್ದರೆ ಸಕ್ಕರೆ ನೀರು. ಒಂದು ಚಹಾ ಚಮಚ ಸಕ್ಕರೆಗೆ ಕುದಿಸಿ ಆರಿಸಿದ ನೀರು ಎರಡು ಚಮಚ. ಅದರಲ್ಲಿ ಒಂದೆರಡು ಎಂ.ಎಲ್. ಅನ್ನು ಡ್ರಾಪರಿನಲ್ಲೋ ಒಳಲೆಯಲ್ಲೋ ನಾಲಿಗೆಯ ಮುಂಭಾಗಕ್ಕೆ ಬಿಡಿ, ಚುಚ್ಚುವುದಕ್ಕೆ ಎರಡು ನಿಮಿಷ ಮೊದಲು. ಬಾಟಲಿಗೆ ಹಾಕಿ ಹೊಟ್ಟೆಗೆ ಕುಡಿಸಿದರೆ ಪ್ರಯೋಜನವಿಲ್ಲ. ಕೆಲಸ ಮಾಡುವುದು ನಾಲಿಗೆಯ ರುಚಿ. ಉಳಿದದ್ದನ್ನು ಚೆಲ್ಲಿ, ಮುಂದಿನ ಸಲ ಹೊಸದಾಗಿ ಮಾಡಿ. ಮನೆಯಲ್ಲಿ ಅತ್ತಾಗೆಲ್ಲ ಕೊಡುವ ವಸ್ತು ಇದಲ್ಲ.

ಒಂದೂವರೆ ತಿಂಗಳಿಗೆ ಮೂರು ಚುಚ್ಚು: ಐದು ರೋಗ ತಡೆಯುವ ಪೆಂಟಾ ಒಂದು ತೊಡೆಗೆ, ನ್ಯುಮೋನಿಯಾದ ಪಿಸಿವಿ ಇನ್ನೊಂದು ತೊಡೆಗೆ, ಪೋಲಿಯೋದ್ದು ತೋಳಿನ ಚರ್ಮಕ್ಕೆ. ಪಿಸಿವಿ ಒಳಗೆ ಹೋಗುವಾಗಲೇ ಹೆಚ್ಚು ಉರಿಯುತ್ತದೆ, ಹಾಗಾಗಿ ಅದನ್ನು ಕೊನೆಗೆ ಹಾಕಿ ಎಂದು ಕೇಳಿಕೊಳ್ಳಿ. ಮೊದಲೇ ಹಾಕಿದರೆ ಮುಂದಿನ ಎರಡಕ್ಕೂ ಮಗು ಉರಿದುಬಿದ್ದಿರುತ್ತದೆ. ಸೂಜಿ ಚುಚ್ಚಿದ ಮೇಲೆ ರಕ್ತ ಬರುತ್ತದಾ ಎಂದು ಹಿಂದಕ್ಕೆ ಎಳೆದು ನೋಡುವ ಅಗತ್ಯವಿಲ್ಲ. ಎಳೆದಷ್ಟು ಹೊತ್ತು ಸೂಜಿ ಮಾಂಸದಲ್ಲಿ ಅಲುಗಾಡಿ ನೋವು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಇದನ್ನು ಬಿಡಿ ಎಂದಿದೆ. ತಾಯಿಯನ್ನು ಹೊರಗೆ ಕಳಿಸಬೇಡಿ ಎಂದೂ ಅಲ್ಲೇ ಹೇಳಿದೆ. ಆದ ಮೇಲೆ ಆ ಜಾಗವನ್ನು ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ.

ಜ್ವರದ ಔಷಧಿಯನ್ನು ಮುಂಚಿತವಾಗಿ ಕುಡಿಸಿಕೊಂಡು ಬರುವವರಿದ್ದಾರೆ. ಚುಚ್ಚುವ ಕ್ಷಣದ ನೋವಿಗೆ ಅದರಿಂದ ಏನೂ ಆಗುವುದಿಲ್ಲ. ಆಮೇಲೆ ಜ್ವರ ಬಂದರೆ ಪ್ಯಾರಾಸಿಟಮಾಲ್ ತೂಕದ ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ಐದು ಕಿಲೋ ಕೂಸಿಗೆ 50ರಿಂದ 75. ಇಲ್ಲಿ ಆಗುವ ದೊಡ್ಡ ತಪ್ಪು ಡ್ರಾಪ್ಸ್ ಮತ್ತು ಸಿರಪ್ ಅದಲುಬದಲಾಗುವುದು. ಸಾಮಾನ್ಯವಾಗಿ ಡ್ರಾಪ್ಸಿನ ಒಂದು ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರುತ್ತದೆ, ಸಿರಪ್ಪಿನ ಐದು ಎಂ.ಎಲ್.ನಲ್ಲಿ 125. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಲೇಬಲ್ ಓದಿಯೇ ಅಳೆಯಿರಿ.

ಪ್ರ: ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಆಡುತ್ತಿದ್ದ ಏಳು ವರ್ಷದ ಮಗಳ ಮುಂಗೈ, ಮೊಣಕೈವರೆಗೆ ಬಿಸಿ ಚೊಗರು ಬಿದ್ದು ಸುಟ್ಟಿದೆ. ಎರಡು ದಿನಕ್ಕೊಮ್ಮೆ ಡ್ರೆಸ್ಸಿಂಗ್. ಪಕ್ಕದ ಹಾಸಿಗೆಯ ಹುಡುಗ ಆಸ್ಪತ್ರೆಯೇ ಕೇಳುವ ಹಾಗೆ ಕೂಗುತ್ತಾನೆ, ಅವನಿಗೆ ನೋವಿನ ಇಂಜೆಕ್ಷನ್ ಕೊಟ್ಟರು. ನಮ್ಮವಳು ಒಂದು ಮಾತಾಡುವುದಿಲ್ಲ. ‘ಎಷ್ಟು ಜಾಣೆ’ ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ಡ್ರೆಸ್ಸಿಂಗ್ ಆದ ದಿನ ರಾತ್ರಿ ಊಟ ಮಾಡುವುದಿಲ್ಲ, ಹಾಸಿಗೆ ಒದ್ದೆ ಮಾಡುತ್ತಾಳೆ.
— ಹೊಸನಗರ

ಉ: ಊಟ ಬಿಟ್ಟದ್ದು, ಹಾಸಿಗೆ ಒದ್ದೆಯಾದದ್ದು, ಅವಳು ಬಾಯಲ್ಲಿ ಹೇಳದ್ದನ್ನೇ ಹೇಳುತ್ತಿವೆ. ಮುಂದಿನ ಡ್ರೆಸ್ಸಿಂಗಿನಲ್ಲಿ ಅವಳ ಮುಖ ಬಿಟ್ಟು ಪಾದ ನೋಡಿ. ಕೂಗದ ಮಕ್ಕಳ ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿರುತ್ತದೆ, ಗಾಯಕ್ಕೆ ಹಾಕಿದ ಗಾಜ್ ಬಟ್ಟೆ ಏಳುವ ಹೊತ್ತಿಗೆ ಉಸಿರು ನಿಲ್ಲುತ್ತದೆ, ಇನ್ನೊಂದು ಕೈ ಲಂಗದ ಅಂಚನ್ನು ತಿರುಚುತ್ತಿರುತ್ತದೆ. ಕೂಗಿದ ಹುಡುಗನಿಗೆ ಔಷಧಿ ಸಿಕ್ಕಿ ಕೂಗದವಳಿಗೆ ಸಿಗದಿರುವುದು ನಿಮ್ಮ ಆಸ್ಪತ್ರೆಯ ಸಮಸ್ಯೆ ಮಾತ್ರವಲ್ಲ, ಲೋಕದೆಲ್ಲೆಡೆ ನಡೆಯುವುದೇ. ಅಮೆರಿಕದ ತುರ್ತು ವಿಭಾಗಗಳಲ್ಲಿ ಅಪೆಂಡಿಸೈಟಿಸ್ ಆದ ಕಪ್ಪು ಮಕ್ಕಳಿಗೆ, ತೀವ್ರ ನೋವಿದ್ದರೂ, ಬಿಳಿ ಮಕ್ಕಳಿಗಿಂತ ಬಲವಾದ ನೋವಿನ ಔಷಧಿ ಎಷ್ಟೋ ಕಡಿಮೆ ಸಿಕ್ಕಿತ್ತು ಎಂದು 2015ರ ಅಧ್ಯಯನವೊಂದು ತೋರಿಸಿದೆ. ಕೇಳಿದವರಿಗೆ, ಕೇಳುವ ಭಾಷೆ ಇದ್ದವರಿಗೆ, ನಂಬಿಸಬಲ್ಲವರಿಗೆ ಔಷಧಿ. ಹಾಗಾಗಿ ಅವಳ ಪರವಾಗಿ ನೀವು ಕೇಳಬೇಕು, ಸಂಕೋಚ ಬೇಡ.

ಹೀಗೆ ಕೇಳಿ: ‘ಡ್ರೆಸ್ಸಿಂಗ್ ಎಷ್ಟು ಗಂಟೆಗೆ? ಅದಕ್ಕೆ ಮುಕ್ಕಾಲು ಗಂಟೆ ಮೊದಲು ನೋವಿನ ಔಷಧಿ ಬರೆದುಕೊಡಿ.’ ಬಾಯಿಯಿಂದ ಕೊಟ್ಟ ಔಷಧಿ ಕೆಲಸ ಮಾಡಲು ಅಷ್ಟು ಹೊತ್ತು ಬೇಕು. ಟ್ರಾಲಿ ಬಂದ ಮೇಲೆ ಕುಡಿಸಿದರೆ ಅದು ಹತ್ತುವ ಹೊತ್ತಿಗೆ ಪಟ್ಟಿ ಕಟ್ಟಿಯಾಗಿರುತ್ತದೆ. ಇಪ್ಪತ್ತು ಕಿಲೋ ಮಗುವಿಗೆ ಪ್ಯಾರಾಸಿಟಮಾಲ್ 300 ಮಿಲಿಗ್ರಾಂ ಆಗುತ್ತದೆ, ಅಂದರೆ ಐದು ಎಂ.ಎಲ್.ಗೆ 250 ಇರುವ ಸಿರಪ್ ಆದರೆ 6 ಎಂ.ಎಲ್. ಇದಕ್ಕೆ ಬಗ್ಗದ ನೋವಾದರೆ ವೈದ್ಯರ ಹತ್ತಿರ ಇನ್ನೂ ಬಲವಾದ ಔಷಧಿಗಳಿವೆ, ಅವನ್ನು ಆಸ್ಪತ್ರೆಯಲ್ಲೇ ಉಸಿರು, ನಾಡಿ ನೋಡುತ್ತಾ ಕೊಡಬೇಕು.

ಡ್ರೆಸ್ಸಿಂಗಿನಲ್ಲಿ ಹೆಚ್ಚು ನೋಯುವುದು ಔಷಧಿ ಹಚ್ಚುವಾಗಲ್ಲ, ಹಳೆಯ ಗಾಜ್ ಕೀಳುವಾಗ. ಒಣ ಗಾಜ್ ಗಾಯಕ್ಕೆ ಅಂಟಿ ಹೊಸದಾಗಿ ಬಂದ ಎಳೆ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ನೋವು ಒಂದು, ಮಾಯುವುದು ತಡವಾಗುವುದು ಇನ್ನೊಂದು. ಹೊರಗಿನ ಪಟ್ಟಿ ಬಿಚ್ಚಿದ ಮೇಲೆ ಸಲೈನ್ ಹೊಯ್ದು ಹತ್ತರಿಂದ ಹದಿನೈದು ನಿಮಿಷ ನೆನೆಯಲು ಬಿಡಬೇಕು. ಆಮೇಲೆ ಗಾಜ್ ಬಟ್ಟೆಯನ್ನು ಮೇಲಕ್ಕೆ ಎತ್ತದೆ, ಚರ್ಮಕ್ಕೆ ಒರಗಿಸಿಕೊಂಡೇ ಹಿಂದಕ್ಕೆ ಮಡಚುತ್ತಾ ತೆಗೆಯಬೇಕು. ಮತ್ತೆ ಅಂಟದಿರಲು ಒಳಗಡೆ ಪ್ಯಾರಫಿನ್ ಗಾಜ್ ಇಡಲು ಹೇಳಿ, ಮೆಡಿಕಲ್ಲಿನಲ್ಲಿ ಸಿಗುತ್ತದೆ. ಫ್ಯಾನ್ ನಿಲ್ಲಿಸಿ, ತೆರೆದ ಸುಟ್ಟ ಗಾಯಕ್ಕೆ ಗಾಳಿ ತಾಗಿದರೇ ಉರಿ. ಬೇಕಾದ್ದನ್ನೆಲ್ಲ ಜೋಡಿಸಿಕೊಂಡ ಮೇಲೆಯೇ ಗಾಯ ತೆರೆಯಬೇಕು. ಅರ್ಧ ದಾರಿಯಲ್ಲಿ ಕತ್ತರಿ ಹುಡುಕಲು ಹೋದರೆ ಮಗು ಸುಮ್ಮನೆ ಕಾಯುತ್ತಾ ನೋಯಬೇಕಾಗುತ್ತದೆ.

ಅವಳ ಕೈಗೂ ಒಂದು ಕೆಲಸ ಕೊಡಿ. ಹೊರಪಟ್ಟಿಯನ್ನು ಅವಳೇ ಬಿಚ್ಚಲಿ. ಕೈ ಎತ್ತಿದರೆ ಹತ್ತು ಎಣಿಸುವಷ್ಟು ನಿಲ್ಲಿಸುತ್ತೇವೆ ಎಂದು ಮಾತಾಡಿಕೊಳ್ಳಿ, ಮಾತಿಗೆ ತಪ್ಪಬೇಡಿ. ‘ಒಂಚೂರೂ ಅಳಲಿಲ್ಲ’ ಎಂಬ ಹೊಗಳಿಕೆಯನ್ನು ಮನೆಯವರೆಲ್ಲ ಬಿಡಬೇಕು; ಅದು ಮುಂದಿನ ಸಲವೂ ಬಾಯಿ ಮುಚ್ಚಿಸುವ ಮಾತು. ‘ಕೈ ಅಲ್ಲಾಡಿಸದೆ ಇಟ್ಟೆ, ಅದಕ್ಕೇ ಬೇಗ ಆಯ್ತು ನೋಡು. ನೋವಾದ್ರೆ ಕೂಗು ಮಾರಾಯ್ತಿ, ಯಾರೂ ಬೈಯೂದಿಲ್ಲ’ ಅನ್ನಿ.

ಪ್ರ: ಭದ್ರಾವತಿಯ ಸುತ್ತ ತಮಿಳು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಬರುತ್ತಾರೆ. ಕನ್ನಡದಲ್ಲಿ ‘ನೋವಿದೆಯಾ’ ಅಂದರೆ ತಲೆ ಆಡಿಸುತ್ತಾರೆ, ಹೌದೋ ಅಲ್ಲವೋ ತಿಳಿಯುವುದಿಲ್ಲ. ಗೋಡೆಗೆ ಹಚ್ಚಿದ ಮುಖಗಳ ಚಾರ್ಟ್ ಬಳಸಬಹುದಾ?
— ನರ್ಸಿಂಗ್ ವಿದ್ಯಾರ್ಥಿನಿ

ಉ: ಚಾರ್ಟಿನಲ್ಲಿ ಮೊದಲ ಮುಖ ನಗುತ್ತಾ, ಕೊನೆಯದು ಕಣ್ಣೀರು ಸುರಿಸುತ್ತಾ ಇದ್ದರೆ ಕೊಂಚ ಎಚ್ಚರ. ಅಳಬಾರದು ಎಂದು ಕಲಿತ ಮಗು ಎಷ್ಟೇ ನೋವಿದ್ದರೂ ಕಣ್ಣೀರಿನ ಮುಖ ಮುಟ್ಟುವುದಿಲ್ಲ. ಅಪರಿಚಿತ ಜಾಗದಲ್ಲಿ ಹೆದರಿದ ಮಗು ನೋವಿಲ್ಲದಿದ್ದರೂ ನಗುವಿನ ಮುಖ ಆರಿಸುವುದಿಲ್ಲ. 2001ರಲ್ಲಿ ತಿದ್ದಿ ಹೊರತಂದ ಆರು ಮುಖಗಳ ಮಾಪಕದಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ. 0, 2, 4, 6, 8, 10 ಎಂದು ಅಂಕ. ನಾಲ್ಕೈದು ವರ್ಷದಿಂದ ಮೇಲಿನವರಿಗೆ ಅದು ಒಳ್ಳೆಯದು. ತೋರಿಸುವಾಗ ‘ನಿನ್ನ ಮುಖ ಹೇಗಿದೆ’ ಎನ್ನಬೇಡಿ, ‘ನಿನಗೆ ಒಳಗೆ ಎಷ್ಟು ನೋಯ್ತಿದೆ’ ಎಂದು ಕೇಳಿ. ಹೊಸಬರು ಮಾಡುವ ತಪ್ಪೆಂದರೆ ಮಗುವಿನ ಮುಖವನ್ನು ತಾವೇ ಚಿತ್ರಕ್ಕೆ ಹೋಲಿಸಿ ಅಂಕ ಬರೆದುಬಿಡುವುದು.

ಇದಕ್ಕಿಂತ ಸುಲಭದ್ದೂ ಒಂದಿದೆ. ಜೂಜಿನ ಬಿಲ್ಲೆಗಳನ್ನು ನಾಲ್ಕು ‘ನೋವಿನ ತುಂಡು’ ಎಂದು ಕೊಟ್ಟು ಎಷ್ಟು ತುಂಡು ನೋವಿದೆ ಎಂದು ಕೇಳುವ ಕ್ರಮ ಅಮೆರಿಕದಲ್ಲಿ ಶುರುವಾಯಿತು. ನಮ್ಮಲ್ಲಿ ಬಿಲ್ಲೆ ಯಾಕೆ, ಅಳಗುಳಿಮಣೆಯ ಹುಣಸೆ ಬೀಜ ನಾಲ್ಕು ಸಾಕು. ಒಂದು ಎಂದರೆ ಚೂರು, ನಾಲ್ಕು ಎಂದರೆ ತಡೆಯಲಾರದಷ್ಟು. ಎಣಿಸಿಕೊಡುವುದಕ್ಕೆ ಭಾಷೆ ಬೇಕಿಲ್ಲ. ಬೀಜ ಬಾಯಿಗೆ ಹಾಕುವ ವಯಸ್ಸಿನವರಿಗೆ ಇದು ಬೇಡ. ನೋವಿಗೆ ಮನೆಯಲ್ಲಿ ಯಾವ ಮುದ್ದು ಮಾತು ಬಳಸುತ್ತಾರೆ ಎಂದು ತಾಯಿಯನ್ನು ಕೇಳಿ ಕೇಸ್ ಶೀಟಿನ ಮೇಲ್ಗಡೆಯೇ ಬರೆದಿಡಿ, ರಾತ್ರಿ ಪಾಳಿಯವರಿಗೂ ಉಪಯೋಗವಾಗುತ್ತದೆ. ಅಪ್ಪನೋ ಅಜ್ಜನೋ ಎದುರಿಗೆ ನಿಂತಿದ್ದಾಗ ಗಂಡುಮಕ್ಕಳು ಸಾಮಾನ್ಯವಾಗಿ ‘ಇಲ್ಲ’ ಅಂದುಬಿಡುತ್ತಾರೆ. ಅವರು ಚಹಾಕ್ಕೆ ಹೋದಾಗ ಇನ್ನೊಮ್ಮೆ ಕೇಳಿ.

ಪ್ರ: ಮಂಗನ ಕಾಯಿಲೆ ಇಂಜೆಕ್ಷನ್ ಹಾಕಿಸಿಕೊಂಡು ಎರಡು ದಿನ ಕೈ ಎತ್ತಲಾಗದೆ ಒದ್ದಾಡಿದ್ದು ನನಗೆ ಇನ್ನೂ ನೆನಪಿದೆ. ಈಗ ಐದು ವರ್ಷದ ಮಗಳಿಗೆ ಬೂಸ್ಟರ್ ಅಂದರೆ ನನಗೇ ಕೈಕಾಲು ನಡುಗುತ್ತದೆ. ಅವಳೂ ಹೆದರುತ್ತಾಳೆ.
— ಸೊರಬ ತಾಲ್ಲೂಕು

ಉ: ಕ್ಯಾಸನೂರು ಕಾಡು ನಿಮ್ಮ ತಾಲ್ಲೂಕಿನದ್ದೇ, ಕಾಯಿಲೆ ಅಲ್ಲಿ ಗೊತ್ತಾದದ್ದು 1957ರಲ್ಲಿ. ಆ ಲಸಿಕೆ ನೋಯುತ್ತಿದ್ದದ್ದು ನಿಜ. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರುಗಳು. ಮೊದಲನೆಯದರ ನೋವಿಗೇ ಹೆದರಿ ಎಷ್ಟೋ ಜನ ಮುಂದಿನದಕ್ಕೆ ಬರಲಿಲ್ಲ. 2022ರಲ್ಲಿ ಅದರ ಬಳಕೆ ನಿಂತಿದೆ. ಮಗಳಿಗೆ ಹಾಕುವ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಬೂಸ್ಟರ್ ಬೇರೆಯೇ. ಅದಕ್ಕೂ ತೋಳು ಒಂದೆರಡು ದಿನ ನೋಯಬಹುದು, ಊದಿಕೊಳ್ಳಬಹುದು, ಒದ್ದೆ ಬಟ್ಟೆ ಇಟ್ಟರೆ ಹಿತ.

ಮಗು ಸೂಜಿ ನೋಡುವ ಮೊದಲು ನಿಮ್ಮ ಮುಖ ನೋಡುತ್ತದೆ. ನಿಮಗೆ ನಡುಕವಿದ್ದರೆ ಅವಳನ್ನು ಚಿಕ್ಕಮ್ಮನೋ ಅಜ್ಜಿಯೋ ತೊಡೆ ಮೇಲೆ ಕೂರಿಸಿಕೊಳ್ಳಲಿ. ಮಲಗಿಸಿ ಅದುಮಿ ಹಿಡಿಯುವುದು ಬೇಡ, ಭಯ ಹೆಚ್ಚುವುದೇ ಅದರಿಂದ. ‘ಏನೂ ಆಗಲ್ಲ’ ಎಂಬ ಸುಳ್ಳು ಒಂದೇ ಸಲ ನಡೆಯುತ್ತದೆ. ‘ಇರುವೆ ಕಚ್ಚಿದ ಹಾಗೆ’ ಎನ್ನುವುದಂತೂ ಮಲೆನಾಡಿನ ಮಕ್ಕಳಿಗೆ ಸಮಾಧಾನವೇ ಅಲ್ಲ, ಕೆಂಪಿರುವೆ ಚಿಗಳಿಯಿಂದ ಕಚ್ಚಿಸಿಕೊಂಡವರು ಅವರು! ಐದು ವರ್ಷದವಳಿಗೆ ಅವತ್ತೇ ಬೆಳಿಗ್ಗೆ ಹೇಳಿ: ‘ತೋಳು ಒರೆಸ್ತಾರೆ, ತಣ್ಣಗಾಗ್ತದೆ. ಆಮೇಲೆ ಒಂದು ಚುಚ್ಚು, ಐದು ಎಣಿಸೂದ್ರೊಳಗೆ ಮುಗೀತದೆ.’ ಚುಚ್ಚುವ ಕ್ಷಣಕ್ಕೆ ಸರಿಯಾಗಿ ಸೋಪಿನ ಗುಳ್ಳೆ ಊದಿಸಿ, ಇಲ್ಲವೇ ಅಂಗೈ ಮೇಲೆ ಹತ್ತಿ ಇಟ್ಟು ಊದಿ ಹಾರಿಸಲು ಹೇಳಿ. ಉಸಿರು ಹೊರಗೆ ಬಿಡುವಾಗ ಮೈ ಸಡಿಲವಾಗುತ್ತದೆ, ಗಮನವೂ ಬೇರೆ ಕಡೆ ಹೋಗುತ್ತದೆ. ಅನ್ನ ಉಣ್ಣದಿದ್ದರೆ ಸೂಜಿ ಹಾಕಿಸುತ್ತೇನೆ ಎಂದು ವರ್ಷವಿಡೀ ಹೆದರಿಸುವ ಅಭ್ಯಾಸ ಮನೆಯಲ್ಲಿದ್ದರೆ ಇವೆಲ್ಲ ಮಾಡಿಯೂ ಉಪಯೋಗವಿಲ್ಲ.

ಪ್ರ: ಮಗನಿಗೆ ನಾಯಿ ಕಚ್ಚಿದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಹೆದರಿ ಅವನಜ್ಜಿ ಆಸ್ಪತ್ರೆಗೆ ಕಳಿಸಲು ಒಪ್ಪುತ್ತಿಲ್ಲ.
— ಶಿಕಾರಿಪುರ ತಾಲ್ಲೂಕು

ಉ: ಇವತ್ತೇ ಹೊರಡಿ. ಹೊಟ್ಟೆಗೆ ಹಾಕುತ್ತಿದ್ದ ಆ ಹಳೆಯ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು, ದೇಶದಲ್ಲಿ ಅದು ನಿಂತು ಇಪ್ಪತ್ತು ವರ್ಷವಾಯಿತು. ಈಗಿನದು ತೋಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ, ಪ್ರತಿ ಸಲ ಎರಡೂ ತೋಳಿಗೆ 0.1 ಎಂ.ಎಲ್. ಹೋಗುವ ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ ಹಚ್ಚಬೇಡಿ.

ನಿಜವಾಗಿ ನೋಯುವುದು ಬೇರೆ ಇದೆ, ಅದನ್ನು ಮುಚ್ಚಿಡಬಾರದು. ಚರ್ಮ ಹರಿದು ರಕ್ತ ಬಂದಿದ್ದರೆ ರೇಬೀಸ್ ರೋಗಾಣುವನ್ನು ಗಾಯದಲ್ಲೇ ತಡೆಯುವ ಇಮ್ಯುನೋಗ್ಲಾಬ್ಯುಲಿನ್ ಔಷಧಿಯನ್ನು ಗಾಯದ ಒಳಗೂ ಸುತ್ತಲೂ ಇಳಿಸುತ್ತಾರೆ. ಬೆರಳ ತುದಿಯ ಗಾಯವಾದರೆ ತುಂಬಾ ನೋವು, ಒಂದೇ ದಿನಕ್ಕೆ ಮುಗಿಯುತ್ತದೆ. ನೋವೆಂದು ಇದನ್ನು ಬಿಟ್ಟರೆ ಜೀವಕ್ಕೇ ಅಪಾಯ. ಫ್ರಿಜ್ಜಿನಿಂದ ತೆಗೆದ ಬಾಟಲಿ ಕೋಣೆಯ ಬಿಸಿಗೆ ಬಂದ ಮೇಲೆ ಚುಚ್ಚಿದರೆ, ಸಪೂರ ಸೂಜಿಯಲ್ಲಿ ನಿಧಾನ ತುಂಬಿದರೆ ನೋವು ಕಡಿಮೆ. ಇಷ್ಟನ್ನು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಪ್ರ: ಎಂಟು ದಿನದ ಕೂಸಿಗೆ ಕಾಮಾಲೆ. ಬರೆ ಹಾಕಿಸಿದರೆ ಇಳಿಯುತ್ತದೆ, ಎಳೆ ಮೈಗೆ ನೋವು ಗೊತ್ತಾಗಲ್ಲ ಅನ್ನುತ್ತಾರೆ.
— ಕೊಪ್ಪ

ಉ: ಗೊತ್ತಾಗುತ್ತದೆ, ದೊಡ್ಡವರಿಗಿಂತ ಹೆಚ್ಚೇ, ನೋವನ್ನು ತಗ್ಗಿಸುವ ದೇಹದ ಏರ್ಪಾಡು ಎಳೆಗೂಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಬರೆಯಿಂದ ಕಾಮಾಲೆ ಇಳಿಯುವುದಿಲ್ಲ. ಹೆಚ್ಚಿನ ಕೂಸುಗಳಿಗೆ ಅದು ತಾನಾಗೇ ಇಳಿಯುತ್ತದೆ, ಹೆಸರು ಬರೆಗೆ ಬರುತ್ತದೆ. ಸುಟ್ಟ ಗಾಯ ಕೀವಾಗಿ ರಕ್ತಕ್ಕೆ ನಂಜೇರಿದ ಕೂಸುಗಳನ್ನು ಉಳಿಸುವುದು ಕಷ್ಟ. ಮಗುವನ್ನು ಹಗಲು ಬೆಳಕಿನಲ್ಲಿ ನೋಡಿ. ಅಂಗೈ ಅಂಗಾಲಿನವರೆಗೆ ಹಳದಿ ಇಳಿದಿದ್ದರೆ, ಹಾಲು ಕುಡಿಯದೆ ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿಯ ಚಿಕಿತ್ಸೆ ನೀಲಿ ಬೆಳಕು, ಅದರಿಂದ ನೋವಿಲ್ಲ.

ಪ್ರ: ಐದನೇ ತರಗತಿಯ ಹುಡುಗ ಶಾಲೆಯಲ್ಲಿ ಟಿಡಿ (ಧನುರ್ವಾಯು, ಗಂಟಲಮಾರಿಯದ್ದು) ಇಂಜೆಕ್ಷನ್ ಹಾಕುವಾಗ ತಲೆ ತಿರುಗಿ ಬಿದ್ದ. ‘ಹೆಣ್ಣಿಗನ ಹಾಗೆ’ ಅಂತ ಹುಡುಗರು ಆಡಿಕೊಳ್ಳುತ್ತಿದ್ದಾರೆ. ಉಂಬಳ (ಜಿಗಣೆ) ಕಚ್ಚಿ ಕಾಲು ತುಂಬ ರಕ್ತವಾದರೂ ಹೆದರದ ಹುಡುಗ ಇವನು.
— ಶಿಕ್ಷಕರು, ಶೃಂಗೇರಿ

ಉ: ಇದು ಧೈರ್ಯದ ವಿಷಯವಲ್ಲ. ಕೆಲವರಿಗೆ ಸೂಜಿ ಕಂಡಾಗ ನಾಡಿಬಡಿತ, ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ, ಅನೇಕ ಸಲ ಮನೆತನದಲ್ಲೇ ಬಂದಿರುತ್ತದೆ. ಉಂಬಳ ಕಚ್ಚಿದ್ದು ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ, ಕಾದು ನಿಲ್ಲಬೇಕಾಗಿಲ್ಲ. ಸರದಿ ಸಾಲಿನಲ್ಲಿ ಮುಂದಿನವರು ಕಿರುಚುವುದನ್ನು ನೋಡುತ್ತಾ ನಿಂತರೆ ಹಾಗಲ್ಲ. ಅವನನ್ನು ಮೊದಲೇ ಕರೆದು ಬೇರೆ ಕೋಣೆಯಲ್ಲಿ, ಮಲಗಿಸಿ ಹಾಕಿಸಿ. ಇಂಥವರಿಗೆ ‘ಮೈ ಸಡಿಲ ಬಿಡು’ ಎನ್ನುವುದು ತಪ್ಪು, ಒತ್ತಡ ಇನ್ನೂ ಇಳಿಯುತ್ತದೆ. ಕಾಲು, ಹೊಟ್ಟೆ, ಇನ್ನೊಂದು ಕೈಯನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು ಮುಖ ಬಿಸಿಯಾದಾಗ ಬಿಡಬೇಕು. ಅರ್ಧ ನಿಮಿಷ ಬಿಟ್ಟು ಮತ್ತೆ, ಹೀಗೆ ಐದು ಸಲ. ಚುಚ್ಚುವ ತೋಳು ಮಾತ್ರ ಸಡಿಲ ಇರಲಿ. ಆದ ಮೇಲೆ 15 ನಿಮಿಷ ಏಳಿಸಬೇಡಿ. ಖಾಲಿ ಹೊಟ್ಟೆಯಲ್ಲಿ ಬಂದವರು ಬೀಳುವುದು ಹೆಚ್ಚು, ಬಿಸಿಯೂಟ ಆದ ಮೇಲೆ ಇಟ್ಟುಕೊಳ್ಳಿ.

ಪ್ರ: ಮಗನಿಗೆ ತಿಂಗಳಿಗೊಮ್ಮೆ ಶಿವಮೊಗ್ಗದಲ್ಲಿ ರಕ್ತ ತೆಗೆಸಬೇಕು. ನಾಲ್ಕು ವರ್ಷ. ಮರಗಟ್ಟಿಸುವ ಕ್ರೀಮ್ ಇದೆಯಂತೆ. ಒಮ್ಮೆ ಹಚ್ಚಿಕೊಂಡು ಹೋದೆವು, ಏನೂ ಪ್ರಯೋಜನ ಆಗಲಿಲ್ಲ, ‘ನರ ಸಿಗ್ತಿಲ್ಲ’ ಅಂತ ಎರಡು ಸಲ ಚುಚ್ಚಿದರು.
— ರಿಪ್ಪನ್‌ಪೇಟೆ

ಉ: ಹಚ್ಚಿದ್ದು ಯಾವಾಗ ಎಂಬುದರಲ್ಲೇ ಎಲ್ಲ ಇದೆ. ಲಿಡೊಕೇನ್, ಪ್ರಿಲೊಕೇನ್ ತಲಾ 2.5% ಸೇರಿದ ಈ ಕ್ರೀಮಿಗೆ ಕಡೇ ಪಕ್ಷ ಒಂದು ಗಂಟೆ ಬೇಕು. ಲ್ಯಾಬಿನ ಬಾಗಿಲಲ್ಲಿ ಹಚ್ಚಿದರೆ ಆಗುವುದಿಲ್ಲ. ಬಸ್ಸು ಹತ್ತುವ ಮೊದಲು ಎರಡೂ ಮೊಣಕೈ ಮಡಿಕೆಗೆ ಹಚ್ಚಿ. ಒಂದು ಕೈಯಲ್ಲಿ ಸಿಗದಿದ್ದರೆ ಇನ್ನೊಂದಿದೆ. ಉಜ್ಜಿ ಇಂಗಿಸಬಾರದು, ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ದಪ್ಪಗೆ ಗುಪ್ಪೆ ಇಟ್ಟು ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಅಂಚಿಗೆ ಟೇಪ್ ಹಾಕಿ. ಮಗು ನೆಕ್ಕದಂತೆ ಮೇಲೆ ಉದ್ದ ತೋಳಿನ ಅಂಗಿ ಇರಲಿ. ಗಾಯ, ಕಜ್ಜಿ ಇರುವ ಚರ್ಮಕ್ಕೆ ಬೇಡ. ವರ್ಷ ತುಂಬದ ಕೂಸಿಗೆ, ಸಲ್ಫಾ ಔಷಧಿ ತೆಗೆದುಕೊಳ್ಳುತ್ತಿರುವ ಮಗುವಿಗೆ ವೈದ್ಯರನ್ನು ಕೇಳದೆ ಹಚ್ಚಬೇಡಿ. ರಕ್ತ ಆಮ್ಲಜನಕ ಒಯ್ಯುವುದಕ್ಕೇ ತೊಡಕಾಗಬಹುದು.

ರಕ್ತನಾಳ ಸಿಗದಿರುವುದಕ್ಕೆ ಎರಡು ಕಾರಣ ಇದ್ದಿರಬಹುದು. ಮಳೆಗಾಲದಲ್ಲಿ ಬಸ್ಸಿನಿಂದ ಇಳಿದ ಮಗುವಿನ ಕೈ ತಣ್ಣಗಿರುತ್ತದೆ, ರಕ್ತನಾಳ ಕುಗ್ಗಿರುತ್ತದೆ. ಮನೆಯಿಂದಲೇ ನೀರು ಕುಡಿಸಿಕೊಂಡು ಬನ್ನಿ, ಐದು ನಿಮಿಷ ಉಗುರು ಬೆಚ್ಚಗಿನ ನೀರಿನ ಬಾಟಲಿ ಹಿಡಿಸಿ. ಇನ್ನೊಂದು, ಆ ಕ್ರೀಮ್ ಹಚ್ಚಿದ ಜಾಗ ಬೆಳ್ಳಗೆ ಬಿಳಚಿಕೊಂಡು ರಕ್ತನಾಳ ಮರೆಯಾಗುತ್ತದೆ. ಒರೆಸಿದ ತಕ್ಷಣ ಚುಚ್ಚಲು ಬಿಡಬೇಡಿ. ಹತ್ತು ನಿಮಿಷ ಕಾದರೆ ಬಣ್ಣ ಮರಳುತ್ತದೆ, ಮರಗಟ್ಟಿದ್ದು ಹಾಗೇ ಇರುತ್ತದೆ.